ಮದುವೆ ಕಳೆದ ಮೂರನೇ ದಿನ

ಅಧ್ಯಕ್ಷತೆ ವಹಿಸಿರುವ, ಕುಶಾಲನಗರದಲ್ಲಿ ನಮ್ಮಂಥವರ ಮಾತನ್ನು ಮೊದಲು ಕಿವಿಗೊಟ್ಟು ಕೇಳಿದ ಡಾ. ಉಷಾರಾಣಿಯವರೇ, ಮೈಸೂರಿನಿಂದ ಬಂದಿರುವ ಮುಖ್ಯ ಅತಿಥಿ ಡಾ. ಸಿದ್ದಬಸಪ್ಪನವರೇ, ಐದು ಆಸ್ಪತ್ರೆಗಳ ವೈದ್ಯರೇ, ದಾದಿಯರೇ, ಕುರ್ಚಿಯಲ್ಲಿ ಕುಳಿತಿರುವ ಸಭಿಕರೇ, ಚಾಪೆಯ ಮೇಲೆ ಮಲಗಿರುವ ಸಭಿಕರೇ,

ದಯವಿಟ್ಟು ಯಾರೂ ಏಳಬೇಡಿ. ಚಪ್ಪಾಳೆಯೂ ಬೇಡ. ಇಲ್ಲಿರುವ ಹಲವರಿಗೆ ಶಬ್ದ ಎಂದರೆ ಪೆಟ್ಟು ಬಿದ್ದ ಹಾಗೆ. ಸಂತೋಷವಾದರೆ ಕೈ ಎತ್ತಿ, ಸಾಕು.

ನಾನು ಪೂವಮ್ಮ. ಈ ಪೊನ್ನಂಪೇಟೆಯ ಸುತ್ತಮುತ್ತಲ ಶಾಲೆಗಳಲ್ಲಿ ಪಾಠ ಮಾಡಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಶಾಲಾ ವಾರ್ಷಿಕೋತ್ಸವದಲ್ಲಿ ನಾನು ಮೈಕ್ ಹಿಡಿದರೆ ಮಕ್ಕಳು ನಿಂತಲ್ಲೇ ನಿದ್ದೆ ಹೋಗುತ್ತಿದ್ದರು. ಇವತ್ತಿನ ಸಭಿಕರು ಜಾಣರು, ಮೊದಲೇ ಚಾಪೆ ಹಾಸಿಕೊಂಡಿದ್ದಾರೆ. ಆದರೆ ನಮ್ಮ ಈ ರೋಗಿಗಳ ಬಳಗದಲ್ಲಿ ಭಾಷಣಕ್ಕೆ ಹನ್ನೆರಡು ನಿಮಿಷದ ಮಿತಿ ಉಂಟು. ಆ ನಿಯಮ ಮಾಡಿದ್ದು ನನ್ನ ಮಗಳು. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಳೋ ನನಗೆ ತಿಳಿಯದು.

ವೇದಿಕೆಯಲ್ಲಿ ಒಂದು ಕುರ್ಚಿ ಖಾಲಿ ಇರುವುದನ್ನು ನೀವು ಗಮನಿಸಿರಬಹುದು. ಅದು ಅವಳದು, ಶ್ವೇತಳದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇವತ್ತು ನಾವು ಯಾಕೆ ಸೇರಿದ್ದೇವೆ? ಗೆದ್ದದ್ದಕ್ಕೆ ಸೇರಿದ್ದೇವೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಈ ದೀರ್ಘ ದಣಿವಿನ ಕಾಯಿಲೆಯ ಬಗ್ಗೆ ಬೇರೆ ಬೇರೆ ರಾಜ್ಯಗಳ ಹನ್ನೊಂದು ಕೇಂದ್ರಗಳು ಸೇರಿ ಒಂದು ಜಂಟಿ ಅಧ್ಯಯನ ಶುರುಮಾಡುತ್ತಿವೆ. ಕೊಡಗಿನ ನಾಲ್ಕು ಆಸ್ಪತ್ರೆ, ಮಾಕುಟ್ಟದ ಚೆಕ್‌ಪೋಸ್ಟ್ ದಾಟಿದರೆ ಸಿಗುವ ಕೇರಳದ ಒಂದು ಆಸ್ಪತ್ರೆ, ಈ ಐದೂ ಕಡೆಯ ರೋಗಿಗಳು ಒಟ್ಟುಗೂಡಿಸಿದ ಮಾಹಿತಿಯನ್ನು ಆ ಅಧ್ಯಯನ ಒಪ್ಪಿಕೊಂಡಿದೆ. ನಾವು ಹಾಕಿದ ಷರತ್ತನ್ನೂ ಒಪ್ಪಿಕೊಂಡಿದೆ. ಷರತ್ತು ಒಂದೇ: ಮಾಹಿತಿ ಬೇಕಾದರೆ ಅದನ್ನು ಹೊಂದಿಸಿದ ಶ್ವೇತಳೂ ಬರಬೇಕು. ಕಳೆದ ಒಂದು ವರ್ಷ ನಾವು ಹೋರಾಡಿದ್ದು ಇದಕ್ಕೇ.

ಕೈ ಎತ್ತಿದ್ದು ಕಾಣುತ್ತಿದೆ. ಇಳಿಸಿ, ಇಳಿಸಿ. ಮಾತು ಇನ್ನೂ ಉಂಟು.

ಈ ಕಾಯಿಲೆಗೆ ಇಂಥದ್ದೇ ಎಂದು ತೋರಿಸುವ ಒಂದು ರಕ್ತಪರೀಕ್ಷೆ ಇಲ್ಲ. ಶ್ವೇತ ಇಲ್ಲಿಯ ಅರಣ್ಯ ಕಾಲೇಜಿನಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಒಂದು ಜ್ವರ ಬಂತು. ಜ್ವರ ವಾರದಲ್ಲಿ ಹೋಯಿತು, ಅವಳು ಮಾತ್ರ ಎದ್ದೇಳಲಿಲ್ಲ. ಒಬ್ಬ ಡಾಕ್ಟರು ನಿಶ್ಶಕ್ತಿ ಅಂದರು. ಇನ್ನೊಬ್ಬರು ಮನಸ್ಸಿನ ಚಿಂತೆ ಅಂದರು. ಮತ್ತೊಬ್ಬರು, "ಒಂದು ಮದುವೆ ಮಾಡಿ ಅಮ್ಮಾ, ಎಲ್ಲ ಸರಿಹೋಗುತ್ತದೆ" ಅಂದರು. ಮಾಕುಟ್ಟದ ಕಾಡಿನಲ್ಲಿ ಬೆಳಗಿಂದ ಸಂಜೆತನಕ ಮರ ಅಳೆಯುತ್ತಿದ್ದ ಹುಡುಗಿ, ತಲೆ ಬಾಚಿಕೊಂಡರೆ ಒಂದು ಗಂಟೆ ಮಲಗಬೇಕು. ಇದು ಚಿಂತೆಯೇ? ಇದು ಮದುವೆಯಿಂದ ಸರಿಹೋಗುತ್ತದೆಯೇ?

ಇಂಥವರು ನಮ್ಮ ಬಿಟ್ಟಂಗಾಲದಲ್ಲಿ ಅವಳೊಬ್ಬಳೇ ಎಂದುಕೊಂಡಿದ್ದೆ. ಉಷಾರಾಣಿಯವರು ಕುಶಾಲನಗರದಲ್ಲಿ ಒಂಬತ್ತು ಜನ ಇದ್ದಾರೆ ಅಂದರು. ಸೋಮವಾರಪೇಟೆಯಲ್ಲಿ ಏಳು ಜನ ಸಿಕ್ಕಿದರು. ಕೋವಿಡ್ ಆದಮೇಲೆ ಎಲ್ಲ ಕಡೆ ಹೆಚ್ಚಿದರು. ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಹಿಡಿ. ಒಂದು ಹಿಡಿಯಿಂದ ಯಾವ ಸಂಶೋಧನೆಯೂ ಆಗದು. ಎಲ್ಲವನ್ನೂ ಸೇರಿಸಬೇಕು ಎಂದು ಶ್ವೇತ ಮಲಗಿದಲ್ಲಿಂದಲೇ ಹೊರಟಳು.

ವೈದ್ಯರು ಹಿಂಜರಿದರು. "ನನ್ನ ರೋಗಿಯ ವಿವರ ಇನ್ನೊಬ್ಬರಿಗೆ ಯಾಕೆ ಕೊಡಲಿ?" ಅಂದರು. ತಪ್ಪು ಮಾತಲ್ಲ. ಹೆಸರು ತೆಗೆದು ನಂಬರು ಕೊಡುತ್ತೇವೆ ಅಂದೆವು. ಆಗ ಶ್ವೇತಳೇ ನಕ್ಕಳು. "ಅವ್ವ, ಬಿಟ್ಟಂಗಾಲ, ಮೂವತ್ತು ವರ್ಷ, ಮದುವೆಯಾಗದ ಹೆಣ್ಣು ಅಂತ ಬರೆದ್ರೆ ಹೆಸರು ಯಾಕೆ ಬೇಕು? ಬಸ್ ಕಂಡಕ್ಟರೂ ಹೇಳ್ತಾನೆ ಯಾರು ಅಂತ." ಊರನ್ನೂ ತೆಗೆದೆವು. ಮದುವೆಯ ವಿವರವನ್ನೂ ತೆಗೆದೆವು. ಅದನ್ನು ತೆಗೆದಾಗ ನನಗೂ ಸ್ವಲ್ಪ ಹಗುರವಾಯಿತು. ಇರಲಿ.

ಹೀಗೆ ಮೊದಲ ವರ್ಷದ ಮಾಹಿತಿ ಸೇರಿತು. "ಎಷ್ಟು ಸುಸ್ತು, ಹತ್ತರಲ್ಲಿ ಎಷ್ಟು ಅಂಕ?" ಸುಸ್ತು ಎಂದು ಐದೂ ಆಸ್ಪತ್ರೆಗೆ ಬಂದವರಿಗೆಲ್ಲ ನಾವು ತಿಂಗಳು ತಿಂಗಳು ಕೇಳಿದ ಪ್ರಶ್ನೆ ಇದು. ಫಲಿತಾಂಶ ಏನು ಗೊತ್ತೇ? ಜನವರಿಯಲ್ಲಿ ಕೊಡಗಿಗೆ ಕೊಡಗೇ ಕಾಯಿಲೆ, ಜೂನ್‌ನಲ್ಲಿ ಎಲ್ಲರೂ ಗುಣಮುಖ! ಈ ಜಂಟಿ ಅಧ್ಯಯನಕ್ಕಾಗಿ ಓಡಾಡುತ್ತಿದ್ದ ಸಿದ್ದಬಸಪ್ಪನವರು ಆ ಗ್ರಾಫ್ ನೋಡಿ, "ಚಳಿಗೂ ಈ ಕಾಯಿಲೆಗೂ ಸಂಬಂಧ ಇರಬಹುದೇ?" ಎಂದು ಬಹಳ ಗಂಭೀರವಾಗಿ ಕೇಳಿದರು. ನಾನು ಹೇಳಬೇಕಾಯಿತು: "ಚಳಿ ಅಲ್ಲ ಸಾರ್, ಕಾಫಿ ಕೊಯ್ಲು, ಪಿಕ್ಕಿಂಗ್."

ಅವರು ನಗುತ್ತಿದ್ದಾರೆ. ಅವತ್ತು ನಕ್ಕಿರಲಿಲ್ಲ.

ನಮ್ಮ ಬಳಗದ ಜಯಪ್ಪನವರು, ಶುಂಠಿ ಬೆಳೆಯುವವರು, ಅಲ್ಲಿ ಕಂಬದ ಪಕ್ಕದ ಚಾಪೆಯಲ್ಲಿದ್ದಾರೆ, ಅವರು ಫೋನಿನಲ್ಲಿ ಸರಿಯಾಗಿಯೇ ಬೈದರು. "ಎಂಥಾ ಪ್ರಶ್ನೆ ಕೇಳ್ತೀರ ಟೀಚರಮ್ಮ? ಶುಂಠಿ ಕೀಳೋವಾಗ ಸುಸ್ತಾಗದೋನು ಯಾವನಾದ್ರೂ ಇದ್ರೆ ಅವನಿಗೇ ಕಾಯಿಲೆ. ಅವನನ್ನ ಹಿಡಿದು ಪರೀಕ್ಷೆ ಮಾಡಿ!"

ಹಾಗಾದರೆ ಏನು ಕೇಳಬೇಕು? ಇಲ್ಲಿ ನನ್ನ ಮಗ ಭವಿತ್‌ನ ಮದುವೆಯ ವಿಷಯ ಹೇಳಬೇಕಾಗುತ್ತದೆ. ಅವನು ಮುಖ ಕೆಳಗೆ ಹಾಕಿಕೊಂಡದ್ದು ಕಾಣುತ್ತಿದೆ, ಆದರೂ ಹೇಳುತ್ತೇನೆ.

ತಮ್ಮನ ಮದುವೆ ಎಂದು ಶ್ವೇತ ಹದಿನೈದು ದಿನ ಮಲಗಿ ಶಕ್ತಿ ಕೂಡಿಟ್ಟಿದ್ದಳು. ಮದುವೆಯ ದಿನ ಬಂದಳು. ಎಲ್ಲರನ್ನೂ ಮಾತಾಡಿಸಿದಳು. ವಾಲಗ ಶುರುವಾದಾಗ ಎರಡು ಸುತ್ತು ಕುಣಿದಳು. ನಮ್ಮ ಕುಟುಂಬದ ಒಬ್ಬರು ನನ್ನ ಪಕ್ಕಕ್ಕೆ ಬಂದು, "ಪೂವಕ್ಕ, ಎಂತ ಕಾಯಿಲೆ ನಿನ್ನ ಮಗಳಿಗೆ? ನಮ್ಮೆಲ್ಲರಿಗಿಂತ ಚಂದ ಕುಣೀತಾಳಲ್ಲ! ಕೆಲಸ ಅಂದ್ರೆ ಮಾತ್ರ ಬರೋ ಕಾಯಿಲೆಯಾ?" ಅಂದರು. ಹಾಗೆ ಅಂದವರು ಈ ಸಭೆಯಲ್ಲೇ, ಎರಡನೇ ಸಾಲಿನಲ್ಲಿ ಇದ್ದಾರೆ. ಇಲ್ಲ, ನಾನು ಆ ಕಡೆ ನೋಡುವುದಿಲ್ಲ.

ಮಾರನೆಯ ದಿನವೂ ಅವಳು ಎದ್ದು ಓಡಾಡಿದಳು. ಮಧ್ಯಾಹ್ನದ ಹೊತ್ತಿಗೆ ನೆಂಟರೆಲ್ಲ ಹೊರಟರು. ಮೂರನೇ ದಿನ ಬೆಳಿಗ್ಗೆ ಅವಳ ಕೈಗೆ ನೀರಿನ ಲೋಟ ಎತ್ತಲು ಆಗಲಿಲ್ಲ. ನಾನು ಕಿಟಕಿ ಮುಚ್ಚಿ, ಚಮಚದಲ್ಲಿ ಗಂಜಿ ಕುಡಿಸಿದೆ. ಆ ದಿನ ನೋಡಲು ಯಾರಿದ್ದರು? ನೆಂಟರು ಇರಲಿಲ್ಲ. ಡಾಕ್ಟರೂ ಇರಲಿಲ್ಲ. ಎದ್ದು ಹೋಗಲು ಆಗುವ ದಿನ ತಾನೇ ನಾವು ಡಾಕ್ಟರ ಬಳಿ ಹೋಗುವುದು? ಅವರು ನೋಡಿದ್ದೆಲ್ಲ ನಮ್ಮ ಒಳ್ಳೆಯ ದಿನಗಳನ್ನೇ.

ಗ್ರಾಫ್ ಕೈಕೊಟ್ಟ ವಾರ ಶ್ವೇತ ಹೇಳಿದಳು. "ಅವ್ವ, ಮರದ ಸುತ್ತಳತೆಯನ್ನ ನಾವು ಎದೆಮಟ್ಟದಲ್ಲಿ ತೆಗೀತೇವೆ. ಬುಡದಲ್ಲಿ ಒಬ್ಬ, ಮೇಲೆ ಒಬ್ಬ ಅಳೆದ್ರೆ ಒಂದು ಕಾಡನ್ನ ಇನ್ನೊಂದಕ್ಕೆ ಹೋಲಿಸೋಕಾಗಲ್ಲ. ಅದರಲ್ಲೂ ಉದ್ದದವನ ಎದೆ ಬೇರೆ, ನನ್ನ ಎದೆ ಬೇರೆ. ಅದಕ್ಕೇ ನೆಲದಿಂದ ನಾಲ್ಕೂವರೆ ಅಡಿ ಅಂತ ಗುರುತು. ಈ ಕಾಯಿಲೆಗೂ ಒಂದು ಎದೆಮಟ್ಟ ಬೇಕು. ಸುಸ್ತಾದ ದಿನ ಕೇಳಬೇಡಿ. ಮೂರನೇ ದಿನ ಕೇಳಿ."

ಇಷ್ಟೇ. ಮದುವೆಯೋ, ಪಿಕ್ಕಿಂಗೋ, ಶುಂಠಿಯೋ, ಏನಾದರೂ ಆಗಲಿ, ಮೈಗೆ ಶ್ರಮವಾದ ಮೂರನೇ ದಿನದ ಸಂಜೆ ಒಂದು ಫೋನು: "ಮೊನ್ನೆ ಹೋಗಿದ್ದಿರಲ್ಲ, ಇವತ್ತು ಹೇಗಿದ್ದೀರಿ?" ಕನ್ನಡದಲ್ಲಿ, ಅರೆಭಾಷೆಯಲ್ಲಿ, ಕೊಡವ ತಕ್ಕಿನಲ್ಲಿ, ಮಲಯಾಳದಲ್ಲಿ, ಐದೂ ಕಡೆ ಇದೊಂದೇ ಪ್ರಶ್ನೆ. ದುಡಿದು ದಣಿದವರು ಮೂರನೇ ದಿನ ಮತ್ತೆ ತೋಟದಲ್ಲಿದ್ದರು. ನಮ್ಮವರು ಹಾಸಿಗೆಯಲ್ಲಿದ್ದರು, ಜನವರಿಯಲ್ಲೂ, ಜೂನ್‌ನಲ್ಲೂ. ಗ್ರಾಫಿನಲ್ಲಿದ್ದ ಜನವರಿಯ ಗುಡ್ಡ ಕರಗಿಹೋಯಿತು. ಅದನ್ನು ನೋಡಿದ ದಿನ ಸಿದ್ದಬಸಪ್ಪನವರು ಫೋನು ಮಾಡಿ ಕೇಳಿದ ಮೊದಲ ಮಾತು, "ಈ ಪ್ರಶ್ನೆ ಯಾರದು?"

ಇವತ್ತು ಆ ಪ್ರಶ್ನೆ ಹನ್ನೊಂದೂ ಕೇಂದ್ರಗಳದ್ದು.

ಆದರೆ ಪ್ರಶ್ನೆ ಒಪ್ಪಿದವರೆಲ್ಲ ಅವಳನ್ನು ಒಪ್ಪಲಿಲ್ಲ. ಜಂಟಿ ಅಧ್ಯಯನದ ಸಿದ್ಧತೆಯ ವಿಡಿಯೋ ಸಭೆಯಲ್ಲಿ ಒಬ್ಬರು, ದೊಡ್ಡವರು, ಹೆಸರು ಬೇಡ, ಹೀಗೆ ಹೇಳಿದರು: "ಮಾಹಿತಿ ತುಂಬ ಚೆನ್ನಾಗಿದೆ. ಕಳಿಸಿಕೊಡಿ, ಮುಂದಿನದು ನಾವು ನೋಡಿಕೊಳ್ಳುತ್ತೇವೆ. ಹಾಸಿಗೆ ಬಿಟ್ಟು ಏಳಲಾರದವರು ಇಷ್ಟು ಕೇಂದ್ರಗಳನ್ನು ಹೊಂದಿಸುವುದು ಹೇಗೆ?" ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಿ ತೆರೆದೆ. ಶ್ವೇತ ನನ್ನ ಕೈ ಹಿಡಿದು ಸುಮ್ಮನಾಗಿಸಿ, ಮಲಗಿಕೊಂಡೇ ಟೈಪ್ ಮಾಡಿದಳು: "ಎರಡು ವರ್ಷ ಹೊಂದಿಸಿದ್ದು ಹೇಗೋ ಹಾಗೆಯೇ ಸರ್."

ಆಮೇಲೆ ಉಷಾರಾಣಿಯವರು, "ಶ್ವೇತ ಇಲ್ಲದಿದ್ದರೆ ಕುಶಾಲನಗರದ ಮಾಹಿತಿ ಬರುವುದಿಲ್ಲ" ಅಂದರು. ವಿರಾಜಪೇಟೆಯವರು, "ನಮ್ಮದೂ ಇಲ್ಲ" ಅಂದರು. ಸೋಮವಾರಪೇಟೆಯವರೂ ಪೊನ್ನಂಪೇಟೆಯವರೂ ಅದನ್ನೇ ಹೇಳಿದರು. ಗಡಿಯಾಚೆಯ ಡಾಕ್ಟರು ಮಲಯಾಳದಲ್ಲೇ ಹೇಳಿದರು: "ಶ್ವೇತ ಇಲ್ಲೆಂಗಿಲ್ ಞಙ್ಙಳುಂ ಇಲ್ಲ." ಅದಕ್ಕೆ ಅನುವಾದ ಬೇಕಾಗಲಿಲ್ಲ. ಒಬ್ಬರ ರೋಗಿಯ ವಿವರ ಇನ್ನೊಬ್ಬರಿಗೆ ಕೊಡಲು ಹಿಂಜರಿದಿದ್ದ ಐವರು, ಒಬ್ಬ ರೋಗಿಗಾಗಿ ಒಟ್ಟಾಗಿ ನಿಂತರು. ಇದಕ್ಕಿಂತ ದೊಡ್ಡ ಸಹಯೋಗ ಯಾವುದು? ಹೋದ ವಾರ ಉತ್ತರ ಬಂತು. ಜಂಟಿ ಅಧ್ಯಯನದ ಮಾಹಿತಿ ಸಂಯೋಜಕಿ: ಶ್ವೇತ.

ಈಗ ಖಾಲಿ ಕುರ್ಚಿಯ ವಿಷಯ.

ಇವತ್ತು ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಅವಳಿಗೆಂದೇ ತಂದದ್ದು. ನಮ್ಮ ಕುಟುಂಬದವರಿಗೆ ನಾನೇ ಮನೆಮನೆಗೆ ಹೋಗಿ ಹೇಳಿದೆ. ಭವಿತ್‌ನ ಮದುವೆಗೂ ಇಷ್ಟು ಒತ್ತಾಯ ಮಾಡಿರಲಿಲ್ಲ. ಯಾಕೆ ಎಂದು ನೀವು ಊಹಿಸಬಹುದು. ಈ ವೇದಿಕೆಯಲ್ಲಿ ಅವಳು ಕೂತದ್ದನ್ನು ಕೆಲವರು ನೋಡಲಿ ಎಂದು ನನಗೆ ಆಸೆ ಇತ್ತು. ಹಸಿರು ರೇಷ್ಮೆ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದೆ.

ಬೆಳಿಗ್ಗೆ ಅವಳು ಸೀರೆಯನ್ನು ಸವರಿ ನೋಡಿದಳು. "ಚಂದ ಉಂಟು ಅವ್ವ. ಬರೋಕೆ ಆಗ್ತದೆ. ಆದ್ರೆ ನಾಡಿದ್ದು ಹನ್ನೊಂದು ಕೇಂದ್ರದವರ ಮೊದಲ ಸಭೆ, ನಡೆಸಬೇಕಾದವಳು ನಾನು. ಎರಡಕ್ಕೂ ಸಾಲುವಷ್ಟು ನನ್ನ ಹತ್ರ ಇಲ್ಲ. ಯಾವುದು ಬೇಕು, ನೀನೇ ಹೇಳು."

ನಾನು ಸೀರೆ ಮಡಚಿ ಬೀರುವಿನಲ್ಲಿಟ್ಟು ಬಂದೆ.

ಆದ್ದರಿಂದ ಬಂಧುಗಳೇ, ಆ ಕುರ್ಚಿ ನೋಡಿ ಯಾರೂ ಮರುಗಬೇಡಿ. ನಮ್ಮ ಮನೆಯಲ್ಲಿ ಮೂರನೇ ದಿನ ಎಂದರೆ ಕಿಟಕಿ ಮುಚ್ಚಿದ ಕೋಣೆ, ಇಷ್ಟು ವರ್ಷ. ನಾಡಿದ್ದು ಆ ಕೋಣೆಯಲ್ಲಿ ಮೀಟಿಂಗ್ ಉಂಟು.

ಗಂಟೆ ಬಾರಿಸಿದರು. ವೈದ್ಯರಿಗೆ, ಫೋನು ಮಾಡಿದ ಕಾರ್ಯಕರ್ತರಿಗೆ, ಚಾಪೆ ಕೊಟ್ಟವರಿಗೆ, ಎರಡನೇ ಸಾಲಿನವರಿಗೂ ಧನ್ಯವಾದಗಳು. ಚಾಪೆಯಲ್ಲಿರುವವರೇ, ನಾಡಿದ್ದು ಸಂಜೆ ನಿಮಗೆ ಫೋನು ಬರುತ್ತದೆ. "ಮೊನ್ನೆ ಸಭೆಗೆ ಬಂದಿದ್ದಿರಿ, ಇವತ್ತು ಹೇಗಿದ್ದೀರಿ?" ಮರ್ಯಾದೆಗೆ ಚೆನ್ನಾಗಿದ್ದೇನೆ ಅನ್ನಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ, ಅವಳಿಗೆ ಅದೇ ಸನ್ಮಾನ.

ಈಗ ಒಮ್ಮೆ ಎಲ್ಲರೂ ಕೈ ಎತ್ತಿ. ಎರಡನೇ ಸಾಲಿನವರೂ ಎತ್ತಿದ್ದಾರೆ, ಈ ಸಲ ನೋಡಿದೆ. ಭವಿತ್, ಒಂದು ಫೋಟೋ ತೆಗೆ, ಅಕ್ಕನಿಗೆ ಮೀಟಿಂಗ್ ಮುಗಿದ ಮೇಲೆ ತೋರಿಸು.

ಸಾಕು, ಕೈ ಇಳಿಸಿ. ಉಳಿದ ಶಕ್ತಿ ನಾಡಿದ್ದಿಗೆ ಇರಲಿ.

ನಮಸ್ಕಾರ.