ಮೊಮ್ಮಗಳ ಕಾಲಳತೆಯ ಹುರಿ

2009ರ ವಸಂತ. ಅಮೆರಿಕದ ಮೊಂಟಾನಾದಲ್ಲಿ, ದೊಡ್ಡವರಿಗೂ ಮಕ್ಕಳಿಗೂ ಮೋಟಾರ್ ಬೈಕ್ ಮಾರುವ ಅಂಗಡಿಯೊಂದರಲ್ಲಿ ಚೈನ್ ಕೊಳ್ಳಲು ಸರದಿಯಲ್ಲಿ ನಿಂತಿದ್ದ ಡೋರೀನಳ ಮುಂದೆ ಮುದುಕಿ ಇಂಗಾ ಅಂಗಡಿಯ ವರ್ನನ್‌ನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಮಕ್ಕಳ ಬೈಕಿಗೆಲ್ಲ ಟಾರ್ಪಾಲು ಹೊದಿಸಿದ್ದೀಯಲ್ಲೋ, ಯಾರು ಸತ್ತರು?"

"ಹೊಸ ಕಾನೂನು, ಇಂಗಾಜ್ಜಿ. ಬೈಕಲ್ಲಿ ಸೀಸ ಇದೆಯಂತೆ, ಮಕ್ಕಳ ಹೊಟ್ಟೆಗೆ ಹೋಗುತ್ತಂತೆ. ಮಾರೋ ಹಾಗಿಲ್ಲ."

"ನನ್ನ ಮೊಮ್ಮಗಳು ಬೈಕ್ ಓಡಿಸ್ತಾಳೆ ಕಣೋ, ನೆಕ್ಕಲ್ಲ!"

"ಅದನ್ನ ವಾಷಿಂಗ್ಟನ್ನಿನೋರಿಗೆ ಹೇಳಿ."

"ಹಾಳಾಗಲಿ, ಆ ದೊಡ್ಡೋರ ಬೈಕೇ ಕೊಡು. ಅದಕ್ಕೆ ಕಾನೂನಿನ ಅಡ್ಡಿ ಇಲ್ಲ ತಾನೆ?"

"ಇಲ್ಲ. ಕಾಲಳತೆ ತಂದಿದ್ದೀರಾ?"

ಇಂಗಾ ಜೇಬಿನಿಂದ, ಮೊಮ್ಮಗಳ ಕಾಲಿನುದ್ದಕ್ಕೆ ಕತ್ತರಿಸಿದ್ದ, ಹುಲ್ಲಿನ ಹೊರೆ ಕಟ್ಟುವ ಹುರಿಯ ತುಂಡೊಂದನ್ನು ತೆಗೆದಳು. ವರ್ನನ್ ಅದನ್ನು ದೊಡ್ಡ ಬೈಕಿನ ಸೀಟಿನಿಂದ ಇಳಿಬಿಟ್ಟ. ತುದಿ ನೆಲಕ್ಕೆ ಗೇಣುದ್ದ ದೂರದಲ್ಲೇ ನಿಂತಿತು.

"ಕೊಡಲ್ಲ ಅಜ್ಜಿ. ಕಾಲು ಊರೋಕೆ ಆಗದೆ ಮಗು ಬೀಳುತ್ತೆ."

"ಕಾನೂನೇ ಕೊಡು ಅನ್ನುತ್ತಲ್ಲೋ!"

"ಹುರಿ ಬೇಡ ಅಂತಿದೆ."

ಇಂಗಾ ಟಾರ್ಪಾಲು ಸರಿಸಿ, ಪುಟ್ಟ ಕೆಂಪು ಬೈಕೊಂದರ ಹ್ಯಾಂಡಲಿಗೆ ಆ ಹುರಿಯನ್ನು ಬಿಗಿದಳು.

"ಇದು ಅವಳದು. ಬೇರೆ ಯಾರಿಗೂ ಕೊಡಬೇಡ."

"ಕಾನೂನು ಬದಲಾಗೋದ್ರೊಳಗೆ ಅವಳೇ ಬೆಳೆದುಬಿಟ್ಟರೆ?"

"ನಮ್ಮದು ಕುಳ್ಳರ ವಂಶ ಕಣೋ. ವಾಷಿಂಗ್ಟನ್ನೇ ಮೊದಲು ದಾರಿಗೆ ಬರುತ್ತೆ, ನೋಡ್ತಿರು," ಎನ್ನುತ್ತ ಇಂಗಾ ಬಾಗಿಲು ದಾಟಿದಳು.