ಅಡುಗೆಮನೆ ಮೇಜಿನ ಬಂದೂಕು

ಅಮೆರಿಕದ ಮೊಂಟಾನಾದಲ್ಲಿ, ಗುರಿ ಹೊಡೆಯುವವರ ಮೈದಾನದಲ್ಲಿ, ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾವೇ ಏರಿಸಿಕೊಳ್ಳುವ, ಸೈನ್ಯದ ಹಳೆಯ ಬಂದೂಕುಗಳ ಸ್ಪರ್ಧೆಗೆ ಹೆಸರು ಬರೆಸುವ ಸಾಲಿನಲ್ಲಿ ಮರ್ಲ್ ನಿಂತಿದ್ದ. ಅವನ ಮುಂದೆ ಓಪಲ್ ಮತ್ತು ಅವಳ ತಮ್ಮ ವೆಂಡೆಲ್.

"ಅಕ್ಕ, ಬಂದೂಕಿನ ಮರದ ಹಿಡಿ ಒಳಗೆ ಅಂಟು ತುಂಬಿಸಿದ್ದನ್ನ ಹೆಸರು ಬರ್ಕೊಳ್ಳೋರಿಗೆ ಹೇಳ್ಬೇಡ."

"ಯಾಕೆ ಹೇಳ್ಬಾರ್ದು? ಮೊದ್ಲು ಕಬ್ಬಿಣದ ಭಾಗ ಮರದೊಳಗೆ ಗಡಗಡ ಅಲ್ಲಾಡ್ತಿತ್ತು, ಈಗ ಕದಲಲ್ಲ. ಗುಂಡು ಒಂದರ ಪಕ್ಕ ಒಂದು ಬೀಳುತ್ತೆ."

"ಅದಕ್ಕೇ ಹೇಳ್ತಿರೋದು. ಈ ಸಾಲು ಸೈನ್ಯ ಕೊಟ್ಟ ಹಾಗೇ ಇರೋ ಬಂದೂಕಿಗೆ. ತಿದ್ದಿದ್ದು ಗೊತ್ತಾದ್ರೆ ಆಚೆ ಸಾಲಿಗೆ ಕಳಿಸ್ತಾರೆ."

"ಕಳಿಸ್ಲಿ."

"ಅಲ್ಲಿರೋರ ಬಂದೂಕು ಒಂದೊಂದೂ ಕಾರಿನ ಬೆಲೆದು, ಕಣೆ. ಇಲ್ಲೇ ಇದ್ರೆ ಅಪ್ಪ ಗೆದ್ದ ಟ್ರೋಫಿ ಮೇಲೆ ನಿನ್ನ ಹೆಸರೂ ಬರುತ್ತೆ. ಮರ ಬಿಚ್ಚಿ ಯಾರು ನೋಡ್ತಾರೆ?"

"ನಾನೇ ಬಿಚ್ಚಿ ತೋರಿಸ್ತೀನಿ. ಇಡೀ ಚಳಿಗಾಲ ಅಡುಗೆಮನೆ ಮೇಜಿನ ಮೇಲೆ ಮಾಡಿದ ಕೆಲಸ ಅದು. ನೀನು ಪಕ್ಕದಲ್ಲಿ ಕೂತು, ಅಪ್ಪನ ಬಂದೂಕು ಹಾಳಾಯ್ತು ಅಂತ ನಗ್ತಾ ನನ್ನ ಪೈ ತಿಂತಿದ್ದೆ."

"ಸೋತ್ರೆ?"

"ಮತ್ತೆ ನಗು. ಈಗ ಆ ಪೆಟ್ಟಿಗೆ ಎತ್ಕೊ."

ಓಪಲ್ ಆಚೆ ಸಾಲಿನ ತುದಿಗೆ ಹೋಗಿ ನಿಂತಳು. ವೆಂಡೆಲ್ ಗುಂಡಿನ ಪೆಟ್ಟಿಗೆ ಹೊತ್ತು ಅವಳ ಹಿಂದೆ ನಡೆದ. ಮರ್ಲ್ ಒಂದು ಹೆಜ್ಜೆ ಮುಂದೆ ಸರಿದ.