ಗಾಳಿ ಮೇಡಂ ಮತ್ತು ಕಿಡಿ ಸಾಹೇಬರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಹೂಗುಚ್ಛವನ್ನು ಎಲ್ಲಿಡುವುದೆಂದು ತಿಳಿಯದೆ ಮಗುವಿನಂತೆ ಎತ್ತಿಕೊಂಡು ಕೂತಿರುವ ನಮ್ಮ ಕಿಡಿ ಸಾಹೇಬರೇ, ಊಟದ ಪರಿಮಳ ಬರುತ್ತಿದ್ದರೂ ಎದ್ದು ಹೋಗದ ಸಹೃದಯ ಸಭಿಕರೇ,

ಇವತ್ತು ನಿವೃತ್ತರಾಗುತ್ತಿರುವ ಇವರ ಬಗ್ಗೆ ಎರಡು ಒಳ್ಳೆಯ ಮಾತಾಡಿ ಎಂದು ನನ್ನನ್ನು ಕೇಳಿದ್ದಾರೆ. ಕೇಳಿದವರಿಗೆ ನಮ್ಮ ಇತಿಹಾಸ ಗೊತ್ತಿಲ್ಲ! ಈ ಎಂಜಿನ್ ಪರೀಕ್ಷಾಲಯದಲ್ಲಿ ಸ್ಪಾರ್ಕ್ ಪ್ಲಗ್ಗಿನ ಹೊಣೆ ಇವರದು, ಹಾಗಾಗಿ ಕಿಡಿ ಸಾಹೇಬರು. ಎಂಜಿನ್ನಿನೊಳಗೆ ಗಾಳಿ ಹೋಗುವ ದಾರಿಯ ಹೊಣೆ ನನ್ನದು, ಹಾಗಾಗಿ ನಾನು ಗಾಳಿ ಮೇಡಂ. ಗಾಳಿಯನ್ನೂ ಕಿಡಿಯನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿದ ಪುಣ್ಯಾತ್ಮ ಯಾರೋ ಕಾಣೆ.

ನೆರೆ ಬಂದಾಗ ಜನರನ್ನು ಕರೆತರುವ ದೋಣಿಗೆಂದು ಚಿಕ್ಕ ಎಂಜಿನ್ ಒಂದನ್ನು ಮಾಡುತ್ತಿದ್ದ ಕಾಲವದು. ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡಬೇಕು. ವೇಗದಲ್ಲಿ ಸಿಂಹ, ನಿಧಾನ ಮಾಡಿದರೆ ತೊದಲುತ್ತಿತ್ತು, ನಡುಗುತ್ತಿತ್ತು, ನಿಂತೇ ಹೋಗುತ್ತಿತ್ತು. ಜನ ಹತ್ತುವಾಗಲೇ ಕೈಕೊಡುವ ದೋಣಿ ಯಾರಿಗೆ ಬೇಕು? ಮಳೆಗಾಲದೊಳಗೆ ಸರಿಹೋಗದಿದ್ದರೆ ಯೋಜನೆಗೆ ಬೀಗ ಎಂದರು ಮೇಲಿನವರು.

‘ಕಿಡಿ ಸಾಲ್ತಿಲ್ಲ ಮೇಡಂ,’ ಅಂದರು ಇವರು.

‘ಕಿಡಿಗೇನೂ ಬರ ಇಲ್ಲ. ಗಾಳಿ, ಪೆಟ್ರೋಲು ಸರಿಯಾಗಿ ಬೆರೀತಿಲ್ಲ.’

‘ಒಂದೇ ಡಬ್ಬಿಯೊಳಗೆ ಬೆರೀದೆ ಇನ್ನೇನು ಮಾಡ್ತವೆ?’

‘ನಾವಿಬ್ರೂ ಒಂದೇ ಕೊಠಡಿಲಿದೀವಿ. ಬೆರ್ತಿದೀವಾ?’

ಅದೇ ವರ್ಷ ನನ್ನ ಯಜಮಾನರು ತೀರಿಕೊಂಡಿದ್ದರು. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು. ರಜೆ ಮುಗಿಸಿ ಬಂದರೆ ಎಲ್ಲರೂ ನನ್ನ ಮುಂದೆ ದನಿ ತಗ್ಗಿಸುವವರೇ. ಕ್ಯಾಂಟೀನಿನಲ್ಲಿ ನಗುತ್ತಿದ್ದವರು ನನ್ನನ್ನು ಕಂಡೊಡನೆ ನಗು ನುಂಗುತ್ತಿದ್ದರು. ನಾನು ತಪ್ಪು ಹೇಳಿದರೂ ‘ಹೌದು ಮೇಡಂ’. ಇವರು? ಮಸಿ ಹಿಡಿದ ಪ್ಲಗ್ಗನ್ನು ನನ್ನ ಮೇಜಿನ ಮೇಲೆ ಕುಕ್ಕಿ, ‘ಗಾಳಿ ಗಾಳಿ ಅಂತೀರಲ್ಲ, ಇದು ಕಿಡಿ ಕೊಡತ್ತಾ? ನೀವೇ ಹೇಳಿ!’ ಎಂದು ಕೂಗಾಡಿದರು. ನಾನೂ ಕೂಗಾಡಿದೆ. ಅಂದು ಮನೆಗೆ ಹೋದಾಗ, ಎಷ್ಟೋ ದಿನಗಳ ಮೇಲೆ ನನಗೆ ಹಸಿವಾಗಿತ್ತು.

ಇರಲಿ. ಎಂಜಿನ್ನಿನ ಹೊಟ್ಟೆ ಹೊಕ್ಕು ನೋಡಿದವರು ಯಾರು? ಜಗಳ ತೀರುವುದು ಹೇಗೆ? ದಾರಿ ಹುಡುಕಿದವರೂ ಇವರೇ. ಎಂಜಿನ್ನಿನಲ್ಲಿ ಪೆಟ್ರೋಲು ಉರಿಯುವ ಸಿಲಿಂಡರಿನ ಪಕ್ಕದಲ್ಲಿ ಕಿಂಡಿ ಕೊರೆದು ದಪ್ಪ ಗಾಜು ಕೂರಿಸಿದರು. ಅದು ಒಡೆಯಿತು. ಇನ್ನೊಂದನ್ನು ಕೂರಿಸಿದರು. ಅದೂ ಒಡೆಯಿತು. ಬೈದುಕೊಳ್ಳುತ್ತಲೇ ಮತ್ತೊಂದನ್ನು ತಾವೇ ಉಜ್ಜಿ ಕೂರಿಸಿ, ಎದುರಿಗೆ ಕ್ಯಾಮೆರಾ ಇಟ್ಟರು.

ಏನು ಕಂಡಿತು? ಒಂದು ಸಲ ಬೆಂಕಿ ದುಂಡಗೆ ಅರಳಿತು. ಮರುಸಲ ಒಂದು ಮೂಲೆಗೆ ವಾಲಿತು. ಇನ್ನೊಂದು ಸಲ ಹುಟ್ಟಿದಲ್ಲೇ ಸೊರಗಿತು. ಕಿಡಿ ಮಾತ್ರ ಪ್ರತಿ ಸಲವೂ ಅಷ್ಟೇ ಪ್ರಖರ! ಅದು ಹಾರುವ ಗಳಿಗೆಯಲ್ಲಿ ಪ್ಲಗ್ಗಿನ ಬಳಿ ಒಮ್ಮೆ ಪೆಟ್ರೋಲು ಹೆಚ್ಚು, ಒಮ್ಮೆ ಬರೀ ಗಾಳಿ. ಸರಿಯಾಗಿ ಕಲಸದ ಹಿಟ್ಟಿನಲ್ಲಿ ಒಂದೆಡೆ ಗಂಟು, ಒಂದೆಡೆ ನೀರು ಇರುವ ಹಾಗೆ.

ತಾನೇ ಕೊರೆದ ಕಿಂಡಿಯಲ್ಲಿ ತನ್ನದೇ ಸೋಲು ಕಂಡ ಮನುಷ್ಯ ಏನು ಮಾಡಬೇಕು ಹೇಳಿ? ಇವರು ಕುರ್ಚಿ ಉರುಳಿಸಿಕೊಂಡು ಎದ್ದು, ‘ನೀವೇ ಸರಿ! ನೀವೇ ಸರಿ ಕಣ್ರೀ!’ ಎಂದು ಕಾರಿಡಾರಿನ ಉದ್ದಕ್ಕೂ ಡಂಗುರ ಹೊಡೆದರು. ‘ಮೇಡಂ’ ಹೋಗಿ ‘ಕಣ್ರೀ’ ಆದದ್ದು ಅಂದೇ ಮೊದಲು. ಮರುದಿನ ಮತ್ತೆ ಮೇಡಂ.

ಆಮೇಲೆ ಗಾಳಿ ಸುತ್ತು ಹೊಡೆದು ಒಳಬರುವಂತೆ ಅದರ ದಾರಿಯನ್ನು ಓರೆ ಮಾಡಿದೆವು. ಬೆರೆಯಲು ಹೊತ್ತು ಸಿಗಲೆಂದು ಪೆಟ್ರೋಲನ್ನು ತುಸು ಮೊದಲೇ ಚಿಮ್ಮಿಸಿದೆವು. ತೊದಲು ನಿಂತಿತು. ಆ ಮಳೆಗಾಲದ ನೆರೆಯಲ್ಲಿ ನಮ್ಮ ದೋಣಿ ಒಂದು ಶಾಲೆಯ ತಾರಸಿಗೆ ಒರಗಿ ನಿಂತಿತು. ಕೊನೆಯವರು ಹತ್ತುವವರೆಗೂ ಎಂಜಿನ್ ಗುನುಗುತ್ತಲೇ ಇತ್ತಂತೆ. ಸುದ್ದಿ ಬಂದಾಗ ಸಾಹೇಬರು ಗೋಡೆಯತ್ತ ತಿರುಗಿ ಕನ್ನಡಕ ಒರೆಸಿಕೊಂಡರು. ನಾನು ಕಂಡೂ ಕಾಣದವಳಂತೆ ಇದ್ದೆ.

ಮುಂದಿನ ಸಾಲಿನಿಂದ ನನ್ನ ಮಗಳು ಸಾಕು ಎಂದು ಸನ್ನೆ ಮಾಡುತ್ತಿದ್ದಾಳೆ. ಮುಗಿಸುತ್ತೇನೆ. ಈಗ ಹೊಸ ಇಂಧನವೊಂದು ಬಂದಿದೆ. ಅದು ಚೆನ್ನಾಗಿ ಬೆರೆಯುತ್ತದೆ ಎಂದು ನಾನು. ಸಾಧ್ಯವೇ ಇಲ್ಲ ಎಂದು ಇವರು. ನಿನ್ನೆ ಫೋನಿನಲ್ಲಿ ಇಬ್ಬರ ಗಂಟಲೂ ಕಟ್ಟುವವರೆಗೆ ವಾದ ನಡೆಯಿತು, ತೀರ್ಮಾನವಾಗಲಿಲ್ಲ. ನಾಳೆಯಿಂದ ಇವರಿಗೆ ಈ ಕಚೇರಿಗೆ ಬರುವ ಕಾರಣವಿಲ್ಲ. ನನ್ನ ಮನೆ ಎಲ್ಲಿದೆಯೆಂದು ಇವರಿಗೆ ಗೊತ್ತು. ಸಂಜೆ ನಾನು ಮನೆಯಲ್ಲೇ ಇರುತ್ತೇನೆ.

ಮಾತು ಎಲ್ಲಿಂದೆಲ್ಲಿಗೋ ಹೋಯಿತು, ತಾಳಿಕೊಂಡು ಕೇಳಿದಿರಿ. ನಿಮ್ಮೆಲ್ಲರಿಗೂ ಧನ್ಯವಾದ. ನಮಸ್ಕಾರ.